ಸುಲೆಮಾಳ ಒಂದೂವರೆ ಹಾಡು

ನನಗೆ ಇಷ್ಟು ವರ್ಷ ಅನ್ನ ಹಾಕಿದ್ದು ಒಂದು ಸುಳ್ಳು. ಇದನ್ನು ಸುತ್ತಿ ಬಳಸಿ ಚೆಂದವಾಗಿ ಹೇಳಬಹುದು, ಹಾಗೆ ಹೇಳುವ ವಿದ್ಯೆಯಲ್ಲೇ ನಾನು ಡಾಕ್ಟರೇಟ್ ತೆಗೆದುಕೊಂಡವಳು. ಆದರೆ ಕಳೆದ ಶನಿವಾರದಿಂದ ನನ್ನ ದನಿ ನನಗೇ ಕೇಳಿದರೆ ಮೈ ಹಿಡಿಯಾಗುತ್ತದೆ. ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ.

ಟೆಕ್ಸಸಿನ ದಕ್ಷಿಣದ ತುದಿಯಲ್ಲಿರುವ ಪಾಲ್ಮಾ ಸೆಕಾ ನನ್ನೂರು. ಒಂದು ಹತ್ತಿ ಜಿನ್ನು, ಎರಡು ಚರ್ಚು, ನಡುವೆ ರೈಲು ಹಳಿ. ಹಳಿಯ ಆಚೆ ಇಂಗ್ಲಿಷಿನವರು, ಈಚೆ ಮೆಕ್ಸಿಕೋ ಮೂಲದ ನಾವು. ಈ ಊರಿಂದ ಹೊರಗೆ ಹೆಸರು ಮಾಡಿದವರು ಇಬ್ಬರೇ. ಒಬ್ಬಳು ಸುಲೆಮಾ ಬಾರ್ರಿಯೆಂತೋಸ್, ಹಾಡುಗಾರ್ತಿ. ಅವಳ ಹಾಡು ಹಾಕದೆ ಇವತ್ತಿಗೂ ಇಲ್ಲಿ ಒಂದು ಮದುವೆ ಮುಗಿಯುವುದಿಲ್ಲ, ಅವಳ ಮುಖವಿರುವ ಟೀ ಶರ್ಟನ್ನು ಅವಳು ಸತ್ತ ಮೇಲೆ ಹುಟ್ಟಿದ ಮಕ್ಕಳು ಹಾಕಿಕೊಂಡು ತಿರುಗುತ್ತಾರೆ. ಇನ್ನೊಬ್ಬಳು ನಾನು, ಗ್ರಿಸೆಲ್ಡಾ ಒಲಿವಾರೆಸ್, ಅವಳ ಬಗ್ಗೆ ಬರೆದು ಹೆಸರು ಮಾಡಿದವಳು. ಅವಳು ಇಪ್ಪತ್ತೈದಕ್ಕೆ ಬಸ್ಸು ಮಗುಚಿ ಸತ್ತಳು. ನಾನು ಐವತ್ತೆರಡಾದರೂ ಗುಂಡುಕಲ್ಲಿನ ಹಾಗಿದ್ದೇನೆ, ಅವಳ ಮೇಲೆ ಮೂರು ಪುಸ್ತಕ ಬರೆದು, ಕಾಲೇಜಿನಲ್ಲಿ ಅವಳನ್ನೇ ಪಾಠ ಮಾಡಿಕೊಂಡು.

ಎಲ್ಲ ಶುರುವಾದದ್ದು ನಾನು ಇಂಗ್ಲಿಷಿನಲ್ಲಿ ಬರೆದ ಒಂದು ಕವಿತೆಯಿಂದ. ಈಗ ಅದು ಶಾಲೆಯ ಪಠ್ಯಪುಸ್ತಕದಲ್ಲಿದೆ. ಕೊನೆಯ ಎರಡು ಸಾಲು ಹೀಗಿವೆ:

ನನ್ನ ಹದಿನೈದಕ್ಕೆ ಅವಳು ಬಂದು ಹಾಡಿದಳು,
ಅಂದು ಕುಣಿದ ನನ್ನ ಕಾಲಿಗೆ ನನ್ನ ನೆಲ ಸಿಕ್ಕಿತು.

ಮೊದಲನೆಯ ಸಾಲು ನಿಜ.

ನಮ್ಮಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ಮದುವೆಗೆ ಕಡಿಮೆಯಿಲ್ಲದ ಹಬ್ಬ. ಅದನ್ನು ಅಪ್ಪ ಅಮ್ಮ ಇಬ್ಬರೇ ಹೊರುವುದಿಲ್ಲ. ಕೇಕು ಒಬ್ಬಳು, ಬೂಟು ಒಬ್ಬಳು, ಬಾಲ್ಯ ಮುಗಿಯಿತೆಂದು ಕೊಡುವ ಕೊನೆಯ ಗೊಂಬೆ ಒಬ್ಬಳು, ಹೀಗೆ ನೆಂಟರು ನೆರೆಯವರು ಹಂಚಿಕೊಳ್ಳುತ್ತಾರೆ. ಹೊತ್ತವಳು ಆ ಹುಡುಗಿಗೆ ಸಾಯುವತನಕ ಮಾದ್ರಿನಾ, ಅಂದರೆ ಇನ್ನೊಬ್ಬ ತಾಯಿ. ಆಮಂತ್ರಣ ಪತ್ರಿಕೆಯಲ್ಲಿ ಅಂಥ ತಾಯಂದಿರ ಹೆಸರು ಉದ್ದಕ್ಕೆ ಇರುತ್ತದೆ. ನನ್ನ ಪತ್ರಿಕೆಯಲ್ಲಿ ‘ಸಂಗೀತದ ಮಾದ್ರಿನಾ’ ಎಂಬ ಕಡೆ ಎದುರುಮನೆಯ ಎರ್ಲಿಂದಾ ಸೊತೇಲೊ ಅವರ ಹೆಸರಿತ್ತು. ಅವರ ಗಂಡ ಚೆಮಾ ಜಿನ್ನಿನಲ್ಲಿ ಸುಲೆಮಾಳ ಅಪ್ಪನ ಜೊತೆ ದುಡಿಯುತ್ತಿದ್ದರು. ಮಕ್ಕಳಿಲ್ಲದ ಆ ಗಂಡ ಹೆಂಡತಿ ನನಗೋಸ್ಕರ ಓಡಾಡಿ ಆ ಮನೆಯವರ ಬ್ಯಾಂಡನ್ನು ಗೊತ್ತುಮಾಡಿದರು. ಸುಲೆಮಾಳಿಗೆ ಆಗ ಹದಿನಾರು, ಅವಳ ಹೆಸರು ಹಳಿ ದಾಟಿರಲಿಲ್ಲ.

ನನಗೆ ಬೇಕಿದ್ದದ್ದು ಇಂಗ್ಲಿಷ್ ಹಾಡು. ಶಾಲೆಯಿಂದ ಹಳಿಯಾಚೆಯ ಮೂವರು ಹುಡುಗಿಯರನ್ನು ಕರೆದಿದ್ದೆ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುತ್ತೇವೆಂದು ಅವರಿಗೆ ಗೊತ್ತಾಗದ ಹಾಗೆ ಎರಡು ವರ್ಷ ನೋಡಿಕೊಂಡಿದ್ದೆ. ಅಕಾರ್ಡಿಯನ್ ಶುರುವಾದ ಕೂಡಲೇ ಆ ಮೂವರಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಸುಲೆಮಾ ಒಂದು ಹಾಡು ಮುಗಿಸಿದಳು, ಎರಡನೆಯದರ ಅರ್ಧಕ್ಕೆ ಬಂದಳು. ನಾನು ಗುಲಾಬಿ ಫ್ರಾಕು ಎತ್ತಿಕೊಂಡು ವೇದಿಕೆಯ ಹತ್ತಿರ ಹೋದೆ, ಅವಳಿಗೆ ಏನೋ ಅಂದೆ, ಆಮೇಲೆ ಗೋಡೆಯ ಹತ್ತಿರ ಹೋಗಿ ಪ್ಲಗ್ಗು ಕಿತ್ತೆ.

ಮಾದ್ರಿನಾ ಎರ್ಲಿಂದಾ ಓಡಿಬಂದರು. ನನ್ನ ಕೈಯಲ್ಲಿದ್ದ ವೈರನ್ನೂ ನನ್ನ ಮುಖವನ್ನೂ ನೋಡಿದರು. ಬೈಯುತ್ತಾರೆಂದು ಕಾದೆ.

“ಪರ್ವಾಗಿಲ್ಲ ಮಗಳೇ, ಪರ್ವಾಗಿಲ್ಲ. ಇವತ್ತು ನಿನ್ ದಿನ,” ಎಂದರು.

ಆಮೇಲೆ ಡಿಜೆ ಬಂದ, ಇಂಗ್ಲಿಷ್ ಹಾಡು ಹಾಕಿದ, ನಾನು ಕುಣಿದೆ. ಕುಣಿದದ್ದಂತೂ ಹೌದಲ್ಲ ಎಂದು ಎಷ್ಟೋ ಸಲ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ.

ಸುಲೆಮಾ ಸತ್ತಾಗ ನಾನು ಆಸ್ಟಿನ್ನಿನಲ್ಲಿ ಯಾರಿಗೂ ಬೇಡದ ಮುನ್ನೂರು ವರ್ಷ ಹಳೆಯ ಸ್ಪ್ಯಾನಿಷ್ ಕವಿತೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಹುಡುಗಿಯರು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಅವಳೂರಿನವಳು ನಾನು ಎಂದು ಯಾರೋ ಹೇಳಿದ್ದೇ ತಡ, ಎಲ್ಲರ ಮುಖ ನನ್ನ ಕಡೆ ತಿರುಗಿತು. ನನ್ನ ಹದಿನೈದಕ್ಕೆ ಅವಳು ಹಾಡಿದ್ದಳು ಎಂದೆ. “ನೀನು ಕುಣಿದ್ಯಾ?” ಎಂದು ಒಬ್ಬಳು ಕಣ್ಣೀರು ಒರೆಸಿಕೊಳ್ಳುತ್ತ ಕೇಳಿದಳು. ಹೂಂ ಅಂದೆ. ಆ ಒಂದು ಹೂಂ ಕವಿತೆಯಾಯಿತು, ಕವಿತೆ ಪ್ರಬಂಧವಾಯಿತು, ಪ್ರಬಂಧ ನೌಕರಿಯಾಯಿತು. ನಮ್ಮ ಜನ ತಮ್ಮ ಹಾಡಿಗೆ ನಾಚುವುದನ್ನು ಸುಲೆಮಾ ಹೇಗೆ ಬಿಡಿಸಿದಳು ಎಂದು ನಾನು ಊರೂರು ತಿರುಗಿ ಉಪನ್ಯಾಸ ಕೊಟ್ಟೆ. ನಾಚಿಕೆಯ ಬಗ್ಗೆ ನನ್ನಷ್ಟು ಚೆನ್ನಾಗಿ ಯಾರೂ ಮಾತಾಡುವುದಿಲ್ಲ ಎಂದು ಜನ ಹೇಳುತ್ತಿದ್ದರು. ಎಲ್ಲಿಂದ ಕಲಿತೆ ಎಂದು ಯಾರೂ ಕೇಳಲಿಲ್ಲ.

ಊರಿಗೆ ವಾಪಸು ಬಂದ ಮೇಲೆ ಗ್ರಂಥಾಲಯದಲ್ಲಿ ಆ ಕವಿತೆ ಮೊದಲ ಸಲ ಓದಿದಾಗ ಮಾದ್ರಿನಾ ಮುಂದಿನ ಸಾಲಿನಲ್ಲೇ ಕೂತಿದ್ದರು. ಓದಿ ಮುಗಿಸಿ ಇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು “ಬಾಳ ಚೆಂದ ಬರ್ದಿದೀಯ ಮಗಳೇ” ಎಂದರು. ಮುಖ ಮಾತ್ರ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಅವರಿಗೆ ಮರೆತುಹೋಗಿದೆ ಎಂದು ನಾನು ತೀರ್ಮಾನಿಸಿಕೊಂಡೆ. ಅವತ್ತು ಹಬ್ಬಕ್ಕೆ ಬಂದಿದ್ದ ಬೇರೆಯವರೂ ಯಾರೂ ಆ ಮಾತು ಎತ್ತಲಿಲ್ಲ. ನನಗೆ ಅನುಕೂಲವಾದದ್ದು ಅದೇ ತಾನೆ.

ಈಗ ಶನಿವಾರದ ವಿಷಯ.

ಹನ್ನೆರಡು ವರ್ಷದಿಂದ ನಾನು ಈ ಗ್ರಂಥಾಲಯದಲ್ಲಿ ಒಂದು ಕೆಲಸ ನಡೆಸಿಕೊಂಡು ಬಂದಿದ್ದೇನೆ. ವರ್ಷಕ್ಕೆ ಎರಡು ಶನಿವಾರ ಜನ ಮನೆಯಲ್ಲಿರುವ ಹಳೆಯ ಫೋಟೋ, ಕ್ಯಾಸೆಟ್ಟು, ಟಿಕೆಟ್ಟು ಎಲ್ಲ ಬೂಟಿನ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಾರೆ. ನಾವು ನಕಲು ತೆಗೆದು ಇಟ್ಟುಕೊಂಡು ಅಸಲನ್ನು ವಾಪಸು ಕೊಡುತ್ತೇವೆ, ಮಧ್ಯಾಹ್ನ ಎಲ್ಲರೂ ಕೂತು ದೊಡ್ಡ ಪರದೆಯ ಮೇಲೆ ನೋಡುತ್ತೇವೆ. ಬಾಗಿಲಲ್ಲಿ ನಾನೇ ಬರೆದು ಹಾಕಿದ ಹಲಗೆಯಿದೆ: ‘ನೀವು ತಂದದ್ದನ್ನೆಲ್ಲ ತೋರಿಸುತ್ತೇವೆ. ನಾವು ಆರಿಸುವುದಿಲ್ಲ.’ ಇತಿಹಾಸ ಬರೆಯುವವರು ತಮಗೆ ಬೇಕಾದದ್ದನ್ನೇ ಆರಿಸಿ ನಮ್ಮಂಥವರನ್ನು ಬಿಟ್ಟುಬಿಡುತ್ತಾರೆ ಎಂಬ ಸಿಟ್ಟಿನಲ್ಲಿ ಬರೆದದ್ದು. ಸಿಟ್ಟು ನಿಜದ್ದೇ ಆಗಿತ್ತು.

ಈ ಸಲದ ಶನಿವಾರ ಮಾಮೂಲಿನದಲ್ಲ. ನನ್ನ ಹಬ್ಬ ನಡೆದಿದ್ದ ಹಳೆಯ ನಾಟ್ಯಸಭಾಂಗಣದ ಗೋಡೆಯ ಮೇಲೆ ಊರಿನವರು ಸುಲೆಮಾಳ ಚಿತ್ರ ಬರೆಸುವವರಿದ್ದರು. ಸುಣ್ಣ ಬಳಿದಾಗಿತ್ತು, ಅವಳ ಮುಖದ ಗೆರೆ ಎಳೆದಾಗಿತ್ತು. ಕೆಳಗೆ ಆಳೆತ್ತರದ ಅಕ್ಷರದಲ್ಲಿ ನನ್ನ ಆ ಎರಡು ಸಾಲು ಸೋಮವಾರ ಬರೆಯುವುದೆಂದಿತ್ತು. ಅದಕ್ಕೇ ಆ ಚಿತ್ರದ ಸಮಿತಿಯವರು ಬಂದಿದ್ದರು, ಸುಲೆಮಾಳ ತಮ್ಮ ರೂಬೆನ್ ಬಂದಿದ್ದ. ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದವನು, ಈಗ ಲಾರಿ ರಿಪೇರಿ ಮಾಡುತ್ತಾನೆ. ಕೊನೆಯಲ್ಲಿ ನಾನು ಕವಿತೆ ಓದಬೇಕಿತ್ತು.

ಬೆಳಿಗ್ಗೆ ಹತ್ತಕ್ಕೆ ಮಾದ್ರಿನಾ ಎರ್ಲಿಂದಾ ಬಂದರು. ಎಪ್ಪತ್ತನಾಲ್ಕು ವರ್ಷ, ಎರಡೂ ಕಣ್ಣಿಗೆ ಪೊರೆ, ಕೈಯಲ್ಲಿ ಬಿಸ್ಕತ್ತಿನ ನೀಲಿ ಡಬ್ಬಿ.

“ಏನ್ ಡಾಕ್ಟ್ರಮ್ಮ, ಊರಿಗೆಲ್ಲ ಡಾಕ್ಟ್ರು ಅನ್ನಿಸ್ಕೋತೀಯ, ನನ್ ಮಂಡಿನೋವಿಗೆ ಒಂದು ಮಾತ್ರೆ ಕೊಡೋಕೆ ಬರಲ್ಲ ನಿಂಗೆ,” ಎಂದರು. ಈ ಜೋಕು ಇಪ್ಪತ್ತು ವರ್ಷದ್ದು. ನಾನೂ ಇಪ್ಪತ್ತು ವರ್ಷದಿಂದ ನಗುತ್ತೇನೆ.

“ಡಬ್ಬಿಲಿ ಬಿಸ್ಕತ್ತು ಇದ್ರೆ ಕೊಡಿ ಮಾದ್ರಿನಾ, ಮಾತ್ರೆ ಆಮೇಲೆ ನೋಡೋಣ.”

“ಬಿಸ್ಕತ್ತಲ್ಲ. ನೋಡು.” ಮುಚ್ಚಳ ತೆಗೆದರು. ಒಳಗೆ ಟವೆಲ್ಲಿನಲ್ಲಿ ಸುತ್ತಿದ ವಿಡಿಯೋ ಕ್ಯಾಸೆಟ್ಟು. ಮೇಲೆ ಚೆಮಾ ಅವರ ಕೋಳಿಕಾಲು ಅಕ್ಷರ: ‘ಗ್ರಿಸೆ, ಹದಿನೈದು.’

“ಇದು... ಇದನ್ನ ಯಾರು ತೆಗ್ದಿದ್ರು?”

“ಚೆಮಾನ ಚಿಕ್ಕಪ್ಪನ ಮಗ. ಆವತ್ತು ಹೊಸ ಕ್ಯಾಮೆರಾ ತಗೊಂಡು ನಾಯಿ ಬೆಕ್ಕು ಎಲ್ಲಾನೂ ತೆಗೀತಿದ್ದ, ಮರ್ತೋಯ್ತಾ? ನಮ್ಮನೆ ಮಿಷನ್ನು ಕೆಟ್ಟು ಯಾವ ಕಾಲ ಆಯ್ತೋ. ಚೆಮಾ ಹೋದ್ಮೇಲೆ ದೇವರ ಗೂಡಲ್ಲೇ ಇಟ್ಬಿಟ್ಟಿದ್ದೆ.” ಅವರು ಕ್ಯಾಸೆಟ್ಟಿನ ಮೇಲೆ ಕೈಯಾಡಿಸಿದರು. “ಬರೋ ತಿಂಗಳು ಕಣ್ಣು ಕೊಯ್ತಾರಂತೆ. ಡಾಕ್ಟ್ರು, ಅದೇ ನಿಜವಾದ ಡಾಕ್ಟ್ರು, ಗ್ಯಾರಂಟಿ ಕೊಡಲ್ಲ ಅಂದವ್ರೆ. ಅದಕ್ಕೇ ಒಂದ್ಸಲ ದೊಡ್ಡ ಪರದೇಲಿ ನಮ್ಮನೆಯವ್ರನ್ನ ನೋಡ್ಬಿಡ್ಬೇಕು ಅಂತ.”

“ಫೋಟೋ ಇದಾವಲ್ಲ ಮಾದ್ರಿನಾ, ಎಷ್ಟೊಂದು.”

“ಫೋಟೋದಲ್ಲಿ ಕಂಬದ ಥರ ನಿಂತಿರ್ತಾರೆ ಅಷ್ಟೇ. ಇದ್ರಲ್ಲಿ ನಡೀತಾರೆ ಮಗಳೇ.”

ಒಂದು ಸಲ ಸರಿಯಾಗಿದೆಯೇ ನೋಡುತ್ತೇನೆ ಎಂದು ಹೇಳಿ ಕ್ಯಾಸೆಟ್ಟು ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ. ಚಿಲಕ ಹಾಕಿಕೊಂಡೆ. ಗ್ರಂಥಾಲಯದ ನೋಯೆಮಿ ಹಳೆಯ ವಿಸಿಆರ್ ಒಂದನ್ನು ಜೋಡಿಸಿ ಇಟ್ಟಿದ್ದಳು. ಚಿತ್ರ ನಡುಗುತ್ತ ಬಂತು. ಕೇಕು. ಗೊಂಬೆ. ಅಪ್ಪನ ಜೊತೆ ನನ್ನ ವಾಲ್ಟ್ಜ್ ಕುಣಿತ. ಆಮೇಲೆ ಸುಲೆಮಾ, ತೋಳು ಬೆರಳವರೆಗೂ ಇಳಿಬಿದ್ದ ಯಾರದೋ ಕೋಟು ಹಾಕಿಕೊಂಡು. ಅವಳ ಮೊದಲನೆಯ ರೆಕಾರ್ಡಿಗಿಂತ ಎರಡು ವರ್ಷ ಹಿಂದಿನ ದನಿ ಅದು. ಮೂರು ಪುಸ್ತಕ ಬರೆದವಳಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ. ನಾನು ಅದನ್ನು ಕೇಳಲೇ ಇಲ್ಲ, ಗುಲಾಬಿ ಫ್ರಾಕು ಎಲ್ಲಿದೆ ಎಂದು ಹುಡುಕುತ್ತಿದ್ದೆ.

ಬಂತು. ಆ ಹುಡುಗಿ ವೇದಿಕೆಯ ಹತ್ತಿರ ಹೋದಳು. ಸುಲೆಮಾ ಹಾಡು ನಿಲ್ಲಿಸಿ ಬಗ್ಗಿದಳು, ಮೈಕು ಕೈಯಲ್ಲೇ ಇತ್ತು. ಅದು ಇಡೀ ಸಭಾಂಗಣಕ್ಕೆ ಕೇಳಿಸುತ್ತದೆ ಎಂಬುದು ನನಗೆ ಅವತ್ತು ಹೊಳೆದಿರಲಿಲ್ಲ.

“ಸಾಕು, ನಿಲ್ಸು. ಈ ಹಳ್ಳಿಗುಗ್ಗುಗಳ ಹಾಡು ಕೇಳೋಕೆ ಇಲ್ಲಿ ಯಾರೂ ಬಂದಿಲ್ಲ.”

ಅಲ್ಲಿಗೇ ನಿಲ್ಲಿಸಿದೆ. ಮುಂದೆ ನೋಡಲಿಲ್ಲ, ನೋಡುವ ಧೈರ್ಯವಾಗಲಿಲ್ಲ. ಗುಗ್ಗು ಎಂದಿದ್ದೆ ಎಂಬುದು ನನಗೆ ಮರೆತೇಹೋಗಿತ್ತು. ಮರೆವು ಮಾದ್ರಿನಾಗೆ ಬಂದಿದೆ ಅಂದುಕೊಂಡಿದ್ದೆನಲ್ಲ, ಬಂದಿದ್ದು ನನಗೆ.

ಕ್ಯಾಸೆಟ್ಟು ಹರಿದುಹೋಯಿತು ಎಂದು ಹೇಳೋಣವೇ ಅನ್ನಿಸಿತು. ಬೆರಳು ಹಾಕಿ ಟೇಪು ಎಳೆದರೆ ಒಂದು ಕ್ಷಣದ ಕೆಲಸ. ಮಾಡಲಿಲ್ಲ, ಒಳ್ಳೆಯತನದಿಂದಲ್ಲ. ಹದಿನಾರರ ಸುಲೆಮಾ ಸಿಕ್ಕಿದ್ದಾಳೆ, ಅವಳನ್ನು ಪತ್ತೆ ಮಾಡಿದವಳು ನಾನೇ ಆಗುತ್ತೇನೆ ಎಂಬ ಆಸೆಯಿಂದ. ಮೊದಲ ಹಾಡು ತೋರಿಸುವುದು, ಎರಡನೆಯದು ಅರ್ಧವಾಗುವ ಮೊದಲೇ ನಿಲ್ಲಿಸಿ ಮುಂದೆ ಟೇಪು ಹಾಳಾಗಿದೆ ಎನ್ನುವುದು. ಚೆಮಾ ಅಷ್ಟರೊಳಗೆ ಜನರ ನಡುವೆ ಎಲ್ಲೋ ಕಂಡೇ ಕಾಣುತ್ತಾರೆ. ಹಾಗೆಂದು ಲೆಕ್ಕ ಹಾಕಿಕೊಂಡು ಚಿಲಕ ತೆಗೆದೆ.

ಎರಡು ಗಂಟೆಗೆ ಸಭೆ ತುಂಬಿತ್ತು. ಸಿಹಿ ಬನ್ನು ಕಾಫಿ ಎಲ್ಲ ಆಯಿತು. ನೋಯೆಮಿ ವಿಸಿಆರನ್ನು ಪರದೆಯ ಪಕ್ಕದ ಮೇಜಿನ ಮೇಲೆ ತಂದಿಟ್ಟಳು. ನಾನು ಮೈಕು ಹಿಡಿದು ದೊಡ್ಡದಾಗಿ ಭಾಷಣ ಬಿಗಿದೆ: ಈವರೆಗೆ ಯಾರೂ ನೋಡಿರದ ಸುಲೆಮಾ, ನಮ್ಮ ಎರ್ಲಿಂದಾ ಸೊತೇಲೊ ಜೋಪಾನ ಮಾಡಿದ್ದು, ಇತ್ಯಾದಿ. ಮಾದ್ರಿನಾ ಕನ್ನಡಕ ಒರೆಸಿಕೊಂಡು ಮುಂದಿನ ಸಾಲಿನಲ್ಲಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡಿದ್ದರು.

ಸುಲೆಮಾ ಪರದೆಯ ಮೇಲೆ ಬಂದದ್ದೇ ಇಡೀ ಸಭೆ ಹೋ ಎಂದಿತು. ಮೊದಲ ಹಾಡಿಗೆ ಹೆಂಗಸರು ಅತ್ತರು. ರೂಬೆನ್ ಎದ್ದು ನಿಂತು ಪರದೆಗೆ ಬೆರಳು ತೋರಿಸಿ, “ಆ ಕೋಟು ನಮ್ಮಪ್ಪಂದು! ಚರ್ಚಿಗೆ ಹಾಕ್ಕೊಳ್ಳೋದು ಅದು!” ಎಂದು ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಹಾಡು ಶುರುವಾಯಿತು. ನಾನು ವಿಸಿಆರಿನ ಗುಂಡಿ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಗುಂಡಿ ಒಳಗೆ ಸಿಕ್ಕಿಕೊಂಡಿತು. ರಿಮೋಟು ನೋಯೆಮಿಯ ಹತ್ತಿರ, ಅವಳು ಕೊನೆಯ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಪರದೆಯ ಮೂಲೆಯಲ್ಲಿ ಗುಲಾಬಿ ಫ್ರಾಕು ಕಾಣಿಸಿತು.

ಬಗ್ಗಿ ಪ್ಲಗ್ಗು ಕಿತ್ತೆ.

ಪರದೆ ನೀಲಿಯಾಯಿತು. “ಅಯ್ಯೋ!” ಎಂದರು ಜನ. ವೈರು ಕೈಯಲ್ಲಿ ಹಿಡಿದುಕೊಂಡೇ ಮೈಕಿನಲ್ಲಿ, “ಕ್ಷಮಿಸಿ, ಮುಂದೆ ಟೇಪು ಹಾಳಾಗಿದೆ. ಬೆಳಿಗ್ಗೆನೇ ನೋಡ್ದೆ,” ಎಂದೆ. ದನಿ ಎಲ್ಲೂ ನಡುಗಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ.

ಮಾದ್ರಿನಾ ನಿಧಾನವಾಗಿ ತಿರುಗಿದರು. “ಚೆಮಾ ಇನ್ನೂ ಬರ್ಲಿಲ್ವಲ್ಲ ಮಗಳೇ.”

“ಮುಂದೆ ಟೇಪು ಹೋಗ್ಬಿಟ್ಟಿದೆ ಮಾದ್ರಿನಾ.”

“ಅವ್ರು ಬರೋದು ಆಮೇಲೆ. ಹೊರಗಡೆ, ಟ್ರಕ್ಕಿನ ಹತ್ರ.”

“ಹೋಗ್ಬಿಟ್ಟಿದೆ ಅಂದ್ನಲ್ಲ.” ಒಂದು ಚೂರು ಗಡುಸಾಗಿಯೇ ಅಂದೆ, ಅದೂ ಅವರಿಗೆ.

ಅವರ ಕಣ್ಣು ಪೊರೆ ಬಂದ ಕಣ್ಣು, ನಿಜ. ಆದರೆ ನನ್ನ ಕೈಯಲ್ಲಿದ್ದ ವೈರು ಕಾಣದಷ್ಟು ಪೊರೆ ಬಂದಿರಲಿಲ್ಲ. ಅದನ್ನು ನೋಡಿದರು, ನನ್ನ ಮುಖ ನೋಡಿದರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಆಮೇಲೆ ಮಡಿಲಲ್ಲಿದ್ದ ಖಾಲಿ ಡಬ್ಬಿಯ ಮುಚ್ಚಳ ಹಾಕಿದರು.

“ಪರ್ವಾಗಿಲ್ಲ ಮಗಳೇ, ಪರ್ವಾಗಿಲ್ಲ. ಇವತ್ತು ನಿನ್ ದಿನ.”

ಅವರಿಗೆ ಯಾವತ್ತೂ ಮರೆತಿರಲಿಲ್ಲ. ಎಲ್ಲ ಗೊತ್ತಿದ್ದೂ ಈ ಮೂವತ್ತೇಳು ವರ್ಷ ನನ್ನ ಮಾನವನ್ನು ಅವರೇ ಮುಚ್ಚಿಕೊಂಡು ಕೂತಿದ್ದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಬಿರಿಯಲಿಲ್ಲ. ಸಮಿತಿಯ ಅಧ್ಯಕ್ಷರು “ಈಗ ನಮ್ಮ ಕವಯಿತ್ರಿ...” ಎಂದು ಶುರುಮಾಡಿದರು, ಜನ ಚಪ್ಪಾಳೆ ತಟ್ಟಿದರು, ನಾನು ಓದಲು ನಿಂತೆ.

ಆ ಕವಿತೆಗೆ ನನಗೆ ಕಾಗದ ಬೇಡ. ಬಾಯಿ ತಾನಾಗಿ ಓದಿಕೊಂಡು ಹೋಗುತ್ತದೆ. ಅರ್ಧಕ್ಕೆ ಬಂದಾಗ ಮುಂದಿನ ಸಾಲಿನ ಕಡೆ ಕಣ್ಣು ಹೋಯಿತು. ಮಾದ್ರಿನಾ ತುಟಿ ಅಲ್ಲಾಡಿಸುತ್ತಿದ್ದರು. ಸಾಲು ಸಾಲೂ ಅವರಿಗೆ ಬಾಯಿಪಾಠ. ಇಂಗ್ಲಿಷ್ ಓದಲು ಬಾರದ ಹೆಂಗಸು ಯಾರಿಂದಲೋ ಓದಿಸಿಕೊಂಡು ನನ್ನ ಸುಳ್ಳನ್ನು ಜಪದ ಹಾಗೆ ಕಲಿತಿದ್ದರು, ಮಗಳು ಬರೆದದ್ದು ಎಂದು. ಗಂಡನನ್ನು ನೋಡಲೆಂದು ಬಂದವರು, ಕಾಣದೆ ಹೋದರೂ ಎದ್ದು ಹೋಗದೆ ಕೂತು ನನ್ನ ಜೊತೆ ಹೇಳುತ್ತಿದ್ದರು. ‘ನನ್ನ ಹದಿನೈದಕ್ಕೆ ಅವಳು ಬಂದು ಹಾಡಿದಳು’ ಎಂಬಲ್ಲಿಗೆ ಬಂದೆವು.

ಮುಂದಿನ ಸಾಲು ಅವರು ಹೇಳಿದರು. ನಾನು ಹೇಳಲಿಲ್ಲ.

“ಟೇಪು ಹಾಳಾಗಿಲ್ಲ,” ಎಂದೆ. ಮೈಕು ಇದ್ದದ್ದು ಒಳ್ಳೆಯದೇ ಆಯಿತು, ಅದಿಲ್ಲದಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. “ನಾನೇ ನಿಲ್ಸಿದ್ದು. ಈ ಕವಿತೆಯ ಕೊನೇ ಸಾಲು ಸುಳ್ಳು. ಅದನ್ನ ಗೋಡೆ ಮೇಲೆ ಬರೀಬೇಡಿ. ಯಾಕೆ ಅಂತ ಇದ್ರಲ್ಲೇ ಇದೆ.”

ಅಧ್ಯಕ್ಷರ ಕೈ ಚಪ್ಪಾಳೆಗೆ ಮೇಲೆದ್ದದ್ದು ಅಲ್ಲೇ ನಿಂತಿತು. ನಾನು ಮೇಜಿನ ಕೆಳಗೆ ಬಗ್ಗಿ ಪ್ಲಗ್ಗು ಚುಚ್ಚಿದೆ. ಮೊದಲ ಸಲ ತೂತು ಸಿಗಲಿಲ್ಲ, ಎರಡನೆಯ ಸಲ ಸಿಕ್ಕಿತು, ಪ್ಲೇ ಗುಂಡಿ ಒತ್ತಿದೆ.

ಗುಲಾಬಿ ಫ್ರಾಕು ನಡೆಯಿತು. ಸಾಕು, ನಿಲ್ಸು. ಹಳ್ಳಿಗುಗ್ಗುಗಳು. ಅದೇ ಮಾತು, ಅದೇ ದನಿ, ಈಗ ಗ್ರಂಥಾಲಯದ ಎರಡು ದೊಡ್ಡ ಸ್ಪೀಕರುಗಳಲ್ಲಿ. ಇಲ್ಲಿ ಕೂತ ಅರ್ಧ ಜನ ಅವತ್ತು ಆ ಹಬ್ಬಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳು, ಆ ಗುಗ್ಗುಗಳ ಮಕ್ಕಳು. ಹುಡುಗಿ ಗೋಡೆಯ ಹತ್ತಿರ ಹೋಗಿ ಪ್ಲಗ್ಗು ಕಿತ್ತಳು. ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು. ಮೂವರು ಹುಡುಗಿಯರ ನಗು ಕೇಳಿಸಿತು. ಸುಲೆಮಾ ಮೈಕು ಕೆಳಗಿಟ್ಟು, ಬರಿಗಂಟಲಿನಲ್ಲಿ, “ಹುಟ್ಟುಹಬ್ಬ ಚೆನ್ನಾಗಿ ಆಗ್ಲಿ ನಿಂಗೆ,” ಎಂದಳು. ಅಷ್ಟೇ ಅಂದಳು. ಅವಳು ಹಾಗೆ ಅಂದದ್ದು ನನಗೆ ಗೊತ್ತೇ ಇರಲಿಲ್ಲ, ಅಷ್ಟರಲ್ಲಿ ನಾನು ಬೆನ್ನು ತಿರುಗಿಸಿದ್ದೆ.

ಹಿಂದಿನಿಂದ ಯಾರೋ ಗಹಗಹಿಸಿ ನಕ್ಕರು. ರೂಬೆನ್.

“ಅದು ನೀವೇನಾ ಮೇಡಂ?” ಎಂದ. ನಗು ತಡೆಯಲಾರದೆ ಮುಂದಿನ ಕುರ್ಚಿ ಹಿಡಿದುಕೊಂಡಿದ್ದ. “ಅಯ್ಯೋ ದೇವ್ರೇ! ಎಲ್ಲಿ ಕರೆಂಟು ಹೋದ್ರೂ ಸುಲೆಮಾ ‘ಗುಲಾಬಿ ಫ್ರಾಕು ಬಂದ್ಲು ಕಣ್ರೋ’ ಅಂತಿದ್ಲು. ಹ್ಯೂಸ್ಟನ್‌ನಲ್ಲಿ ಅಷ್ಟು ಜನದ ಮುಂದೆ ಕರೆಂಟು ಹೋದಾಗ್ಲೂ ಅಂದ್ಲು. ಅದು ನೀವಾ! ನಿಮ್ ಮೂರೂ ಪುಸ್ತಕ ನಾನು ಕೊಂಡ್ಕೊಂಡು ಓದಿದೀನಿ!”

ಕೆಲವರು ನಕ್ಕರು, ಕೆಲವರು ನಗಲಿಲ್ಲ. ಅವಳ ಬದುಕಿನಲ್ಲಿ ನನಗೂ ಒಂದು ಜಾಗವಿತ್ತು ಎಂಬುದು ಇಷ್ಟು ಸಂಶೋಧನೆ ಮಾಡಿದರೂ ನನಗೆ ತಿಳಿದಿರಲಿಲ್ಲ. ಅವಳು ನಕ್ಕು ಬಿಟ್ಟಿದ್ದಳು. ಬೈದಿದ್ದರೆ ಮೇಲಾಗಿತ್ತು. ಕಿವಿಯ ತುದಿಯವರೆಗೆ ಸುಡುತ್ತಿತ್ತು, ನಾನು ನೆಲ ನೋಡಿಕೊಂಡು ನಿಂತೆ.

ಅಷ್ಟರಲ್ಲಿ ಕ್ಯಾಮೆರಾ ಹೊರಗೆ ಬಂದಿತ್ತು. ಸಂಜೆ ಬಿಸಿಲು, ತೆರೆದ ಟ್ರಕ್ಕು, ಅದರ ಹಿಂಬದಿಯ ಮೇಲೆ ಕಾಲು ಇಳಿಬಿಟ್ಟು ಕೂತ ಬ್ಯಾಂಡಿನವರು. ಒಬ್ಬ ಗಂಡಸು ಎರಡು ಕೈಯಲ್ಲಿ ನಾಲ್ಕು ಕಾಗದದ ತಟ್ಟೆ ಹೊತ್ತು, ಚೆಲ್ಲದ ಹಾಗೆ, ಹೆಜ್ಜೆ ನೋಡಿಕೊಂಡು ನಡೆದು ಬಂದ. ಮಾಂಸ, ಅನ್ನ, ಬೀನ್ಸು. ಸುಲೆಮಾಳಿಗೆ ಮೊದಲು ಕೊಟ್ಟ. ಅವಳು ಏನೋ ಅಂದಳು, ಅವನು ತಲೆ ಹಿಂದೆ ಹಾಕಿ ನಕ್ಕ, ಟೋಪಿ ಬೀಳುವುದರಲ್ಲಿತ್ತು, ಹಿಡಿದುಕೊಂಡ. ಆಮೇಲೆ ಕ್ಯಾಮೆರಾದ ಕಡೆ ಕೈಬೀಸಿ ಹೋಗೋ ಎಂದ. ಟೇಪು ಮುಗಿಯಿತು.

“ಚೆಮಾ,” ಎಂದರು ಮಾದ್ರಿನಾ. ಎದ್ದು ಪರದೆಯ ಹತ್ತಿರ ಹೋಗಿ ನಿಂತಿದ್ದರು, ಅವರ ನೆರಳು ಅರ್ಧ ಪರದೆಗೆ ಬಿದ್ದಿತ್ತು. “ನೋಡಿ, ಹೊಸ ಬೂಟು. ಕಚ್ತಾ ಇತ್ತು. ಅದಕ್ಕೇ ಹಂಗೆ ಕಾಲು ಎಳ್ದು ನಡೀತಾವ್ರೆ. ನಾನು ಹೇಳ್ದೆ, ಹಳೇದೇ ಹಾಕ್ಕೊಳ್ಳಿ ಅಂತ. ಕೇಳ್ಬೇಕಲ್ಲ.” ಅವರು ಯಾರಿಗೂ ಹೇಳುತ್ತಿರಲಿಲ್ಲ. ನಗುತ್ತಿದ್ದರು, ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಜನರಿಗೆ ನನ್ನ ನೆನಪೇ ಇರಲಿಲ್ಲ, ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಅದು ಒಟ್ಟು ಒಂದು ನಿಮಿಷವೂ ಇರಲಿಲ್ಲ. ಆ ಒಂದು ನಿಮಿಷವನ್ನು ನಾನು ಅವರಿಂದ ಕಿತ್ತುಕೊಳ್ಳುವುದರಲ್ಲಿದ್ದೆ.

ನಾನು ಹತ್ತಿರ ಹೋದೆ. “ಮಾದ್ರಿನಾ, ನನ್ನನ್ನ...” ಎಂದೆ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದಿತ್ತು. ಅವರು ಕೇಳಿಸಿಕೊಳ್ಳಲಿಲ್ಲ.

“ಇನ್ನೊಂದ್ಸಲ ಹಾಕು ಮಗಳೇ.”

ನೋಯೆಮಿ ರಿಮೋಟು ತಂದು ನನ್ನ ಕೈಗೆ ಕೊಟ್ಟಳು, ಮುಖ ನೋಡಲಿಲ್ಲ. ಹಿಂದಕ್ಕೆ ಓಡಿಸಿದೆ. ಆ ಹಳೆಯ ಮಿಷನ್ನಿಗೆ ನಾಜೂಕು ಗೊತ್ತಿಲ್ಲ, ಟ್ರಕ್ಕಿನ ಹತ್ತಿರ ನಿಲ್ಲಿಸಲು ಹೋದರೆ ಅದು ಎರಡನೆಯ ಹಾಡಿಗೆ ಹೋಗಿ ನಿಂತಿತು. ಚೆಮಾ ಬರಬೇಕಾದರೆ ಅದನ್ನು ದಾಟಿಯೇ ಬರಬೇಕು. ಸಾಕು, ನಿಲ್ಸು. ಹಳ್ಳಿಗುಗ್ಗುಗಳು. ಪ್ಲಗ್ಗು. ನಗು. ಹುಟ್ಟುಹಬ್ಬ ಚೆನ್ನಾಗಿ ಆಗ್ಲಿ ನಿಂಗೆ. ಆಮೇಲೆ ಬಿಸಿಲು, ತಟ್ಟೆ, ಟೋಪಿ.

“ಇನ್ನೊಂದ್ಸಲ.”

ಜನ ಒಬ್ಬೊಬ್ಬರೇ ಎದ್ದು ಹೋದರು. ಅಧ್ಯಕ್ಷರು ಸೋಮವಾರ ಫೋನ್ ಮಾಡುತ್ತೇನೆ ಎಂದರು, ಇವತ್ತಿನವರೆಗೂ ಮಾಡಿಲ್ಲ. ರೂಬೆನ್ ಹೋಗುವಾಗ ಮಾದ್ರಿನಾ ಅವರ ನೆತ್ತಿಗೆ ಮುತ್ತಿಟ್ಟು ಹೋದ, ನನಗೆ ಟೋಪಿ ಎತ್ತಿದ. ಯಾರಾದರೂ ವೈರಿಗೆ ಕಾಲು ತಾಗಿಸಿಯಾರು ಎಂದು ನಾನು ಕುರ್ಚಿ ಎಳೆದುಕೊಂಡು ಪ್ಲಗ್ಗಿನ ಮುಂದೆಯೇ ಕೂತೆ. ಮೂರನೆಯ ಸಲ ಹಾಕಿದೆ. ನಾಲ್ಕನೆಯ ಸಲ ಹಾಕಿದೆ. ಪ್ರತಿ ಸಲವೂ ಆ ಮಾತು ಬರುವ ಹೊತ್ತಿಗೆ ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ಐದನೆಯ ಸಲ ಮಾದ್ರಿನಾ ಕತ್ತಲಲ್ಲಿ ಕೈ ಚಾಚಿ ನನ್ನ ಗಲ್ಲ ಹುಡುಕಿ ಮೇಲೆತ್ತಿದರು.

“ಕೆಳಗೇನ್ ನೋಡ್ತೀಯ? ನೀನೂ ನೋಡು. ಗುಲಾಬಿ ಫ್ರಾಕಲ್ಲಿ ಎಷ್ಟು ಮುದ್ದಾಗಿದ್ದೆ ನನ್ ಮಗಳು.”

ನೋಡಿದೆ. ಮುದ್ದಾದ ಹುಡುಗಿ ಫ್ರಾಕು ಎತ್ತಿಕೊಂಡು ಗೋಡೆಯ ಕಡೆಗೆ ಹೋಗುತ್ತಿದ್ದಳು.